ಗ್ರೂಪಿನಲ್ಲಿ ಕರೆದ ಗೃಹಪ್ರವೇಶ

ನನ್ನ ಕಸುಬಿನ ಬಗ್ಗೆ ಒಂದು ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಹೇಗಿದ್ದರೂ ಸಿಂದಗಿಯ ಅರ್ಧ ಊರಿಗೆ ಗೊತ್ತಿರುವ ಗುಟ್ಟು ಅದು, ನಿಮ್ಮಿಂದ ಮುಚ್ಚಿಟ್ಟು ಏನಾಗಬೇಕಾಗಿದೆ? ನಾನು ಪದವಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಕಲಿಸುವ ಮೇಷ್ಟ್ರು. ಒಬ್ಬರ ತಲೆಯೊಳಗಿನ ಮಾತು ಇನ್ನೊಬ್ಬರ ತಲೆಯೊಳಕ್ಕೆ ಹೋಗುವುದು ಹೇಗೆ, ಹೋಗುವ ದಾರಿಯಲ್ಲಿ ಅದಕ್ಕೆ ಏನೇನು ಅಡ್ಡ ಬರುತ್ತದೆ, ಅಡ್ಡ ಬಂದದ್ದನ್ನು ಸರಿಸುವುದು ಹೇಗೆ ಎಂಬುದನ್ನೆಲ್ಲ ಹಲಗೆಯ ಮೇಲೆ ಚಿತ್ರ ಬರೆದು ವಿವರಿಸುವುದು ನನ್ನ ಕೆಲಸ. ಆದರೆ ನನ್ನ ಮಾತು ನನ್ನ ಮನೆಯಲ್ಲೇ ಯಾರಿಗೂ ನೆಟ್ಟಗೆ ತಲುಪುವುದಿಲ್ಲ. “ಇವತ್ತ ಚಹಾಕ್ಕ ಸಕ್ಕರಿ ಸ್ವಲ್ಪ ಕಮ್ಮಿ ಹಾಕು” ಎಂದು ನಾನು ಪಡಸಾಲೆಯಲ್ಲಿ ಕೂತು ಹೇಳಿದರೆ, ಅಡುಗೆ ಮನೆಯಲ್ಲಿರುವ ನನ್ನ ಹೆಂಡತಿ ಮಹಾದೇವಿ ಅದನ್ನು ಇಷ್ಟು ವರ್ಷ ತಾನು ಮಾಡಿಕೊಟ್ಟ ಒಟ್ಟೂ ಚಹಾದ ಮೇಲಿನ ಟೀಕೆ ಎಂದು ತಿಳಿಯುತ್ತಾಳೆ. ಆಮೇಲೆ ಬರುವ ಚಹಾದಲ್ಲಿ ಸಕ್ಕರೆಯೇ ಇರುವುದಿಲ್ಲ. ಅದನ್ನು ನಾನು ತುಟಿಪಿಟಕ್ಕೆನ್ನದೆ ಕುಡಿದು ಕಾಲೇಜಿಗೆ ಹೋಗುತ್ತೇನೆ.

ಕಾಲೇಜಿನಲ್ಲಿ ನನ್ನ ಗತ್ತೇ ಬೇರೆ. ಹಲಗೆಯ ಎಡಗಡೆಗೆ ಒಂದು ದುಂಡು, ಬಲಗಡೆಗೆ ಒಂದು ದುಂಡು, ನಡುವೆ ಒಂದು ಬಾಣ. ಎಡಗಡೆಯವನು ಹೇಳುವವನು, ಬಲಗಡೆಯವನು ಕೇಳುವವನು, ಬಾಣವೇ ಮಾಧ್ಯಮ, ಬಾಣದ ಮೇಲೆ ಕೂತು ಹೋಗುವುದು ಸಂದೇಶ. ನನ್ನ ದುಂಡುಗಳಿಗೆ ಹುಡುಗರು “ಸರ್ ಬಡಿಯೋ ರೊಟ್ಟಿ” ಎಂದು ಹೆಸರಿಟ್ಟಿದ್ದಾರೆಂದು ನನಗೆ ಗೊತ್ತಿದೆ, ಗೊತ್ತಿಲ್ಲದವನಂತೆ ಇರುತ್ತೇನೆ. ಬಾಣದ ಸುತ್ತ ಒಂದಿಷ್ಟು ಗೀಚಿ “ಇದು ಗದ್ದಲ, ಸಂದೇಶವನ್ನು ಕೆಡಿಸುವಂಥದ್ದು” ಎಂದು ನಾನು ಹೇಳುವ ಹೊತ್ತಿಗೆ ಸರಿಯಾಗಿ, ಹೊರಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋಗುತ್ತದೆ. ಅಷ್ಟು ಒಳ್ಳೆಯ ಉದಾಹರಣೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕುವುದಿಲ್ಲ. ಕಡೆಗೆ ಬಲಗಡೆಯಿಂದ ಎಡಗಡೆಗೆ ಒಂದು ಸಣ್ಣ ಬಾಣ ತಿರುಗಿಸಿ, “ಇದು ಹಿಮ್ಮಾಹಿತಿ, ನೀವು ಫೀಡ್‌ಬ್ಯಾಕ್ ಅಂತೀರಲ್ಲ ಅದು” ಎನ್ನುತ್ತೇನೆ. ಒಮ್ಮೆ ಕನ್ನೊಳ್ಳಿಯಿಂದ ಬರುವ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಕೇಳಿದವರು ಏನೂ ಅನ್ನದ ಸುಮ್ಮನ ಕುಂತ್ರ ಅದಕ್ಕ ಏನಂತಾರ್ರಿ?” ಎಂದು ಕೇಳಿದಳು. “ಅದೂ ಹಿಮ್ಮಾಹಿತಿಯೇ ಅಮ್ಮಾ, ಎಲ್ಲಕ್ಕಿಂತ ಬಲವಾದದ್ದು” ಎಂದೆ. ಹಾಗೆನ್ನುವಾಗ ನನಗೆ ಅದರ ಅನುಭವ ಇರಲಿಲ್ಲ. ನೋಡಿ ಬರೆದುಕೊಂಡ ನೋಟ್ಸಿನಲ್ಲಿತ್ತು, ಹೇಳಿದೆ.

ಅನುಭವ ಬಂದದ್ದು ಮನೆ ಕಟ್ಟಿಸಿದ ಮೇಲೆ. ಹನ್ನೊಂದು ವರ್ಷ ಬಾಡಿಗೆ ಮನೆಯಲ್ಲಿದ್ದು ಕಡೆಗೂ ಎರಡು ಓಣಿ ಆಚೆ ನಮ್ಮದೆಂಬ ಒಂದು ಮನೆ ಎದ್ದು ನಿಂತಿತು. ಅದಕ್ಕಾಗಿ ಮಹಾದೇವಿ ಬಿಸಿಲಲ್ಲಿ ನಿಂತು ಗೋಡೆಗೆ ನೀರು ಹೊಡೆದಿದ್ದಳು, ಗೌಂಡಿಯ ಜೊತೆ ಜಗಳಾಡಿ ಅಡುಗೆ ಮನೆಯ ಕಿಟಕಿಯನ್ನು ಒಂದು ಮೊಳ ದೊಡ್ಡದು ಮಾಡಿಸಿದ್ದಳು. ನಾನು ಸಂಜೆ ಹೋಗಿ ಕೈ ಹಿಂದೆ ಕಟ್ಟಿಕೊಂಡು ನೋಡಿ ಬರುತ್ತಿದ್ದೆ. ಗೃಹಪ್ರವೇಶಕ್ಕೆ, ನಮ್ಮ ಕಡೆ ವಾಸ್ತುಶಾಂತಿ ಎನ್ನುತ್ತೇವೆ, ದಿನ ನೋಡಿಸಲು ಒಂದು ಬೆಳಿಗ್ಗೆ ಮಠಕ್ಕೆ ಹೋದೆ. ಅಯ್ಯನವರು ಪಂಚಾಂಗ ತೆಗೆದು, ಬೆರಳು ಮಡಚಿ ಬಿಚ್ಚಿ, ಮೂರು ವಾರದ ಆಚೆಗೆ ಒಂದು ಸೋಮವಾರ ಹೇಳಿದರು. ಮಠದ ಅಂಗಳದಲ್ಲಿ ಬೇವಿನ ನೆರಳಿಗೆ ನಿಂತವನೇ ನಾನು ಫೋನು ತೆಗೆದೆ. ಅದರಲ್ಲಿ ಕಾರ್ಡು ಮಾಡುವ ಸೌಕರ್ಯ ಉಂಟು. ಎರಡೂ ಕಡೆ ಬಾಳೆಗಿಡ, ಮೇಲೆ ಕಳಸ, ನಡುವೆ ಸರ್ವರಿಗೂ ಸ್ವಾಗತ. ಅದನ್ನು ನಮ್ಮ ಕುಟುಂಬದ “ಬಂಧು ಬಳಗ” ಎಂಬ ಗ್ರೂಪಿಗೆ ಹಾಕಿದೆ. ಆ ಗ್ರೂಪಿಗೆ ನಾನೇ ಅಡ್ಮಿನ್ನು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಚಡಚಣದ ಬೀಗರು, ನೆಂಟರು, ನೆಂಟರ ನೆಂಟರು ಎಲ್ಲ ಅದರಲ್ಲಿದ್ದಾರೆ. ಒಬ್ಬ ಹೇಳುವವನು, ಅನೇಕ ಕೇಳುವವರು, ಏಕಕಾಲಕ್ಕೆ ಒಂದೇ ಸಂದೇಶ. ಸಮೂಹ ಸಂವಹನದ ವ್ಯಾಖ್ಯೆಯನ್ನೇ ಅಂಗಳದಲ್ಲಿ ನಿಂತು ಆಚರಿಸಿಬಿಟ್ಟೆನಲ್ಲ ಎಂದು ಹಿಗ್ಗಿದೆ. ಮನೆಗೆ ಬಂದಾಗ ಮಹಾದೇವಿ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಫೋನಿತ್ತು. “ನೋಡಿದೆ” ಎಂದಷ್ಟೇ ಹೇಳಿ ಒಳಗೆ ಹೋದಳು.

ಮಂದಿ ಈ ಕರೆಯುವ ಕೆಲಸವನ್ನೇ ಎಂಟು ಹತ್ತು ದಿನ ಮಾಡುತ್ತಾರೆ. ನಮ್ಮ ಸೀಮೆಯಲ್ಲಿ ಕರೆಯುವುದೆಂದರೆ ಸಾಮಾನ್ಯ ಕೆಲಸವಲ್ಲ. ಗಂಡ ಹೆಂಡತಿ ಇಬ್ಬರೂ ಮನೆಗೆ ಹೋಗಬೇಕು, ಕೂಡಬೇಕು, ನೀರು ಕುಡಿಯಬೇಕು, ಮಳೆ ಬೆಳೆ ಮಾತಾಡಬೇಕು, ಚಹಾ ಬೇಡವೆಂದು ಹೇಳಿ ಕುಡಿಯಬೇಕು, ಹೊರಡಲು ಎದ್ದು ನಿಂತ ಮೇಲೆ ಈಗಷ್ಟೇ ನೆನಪಾದವರಂತೆ ಕಾರ್ಡು ತೆಗೆಯಬೇಕು. ಕುಂಕುಮ ಕೊಟ್ಟು, ಕೈಯಲ್ಲಿ ನಾಲ್ಕು ಕಾಳು ಅಕ್ಷತೆ ಇಟ್ಟು “ಹಿಂದಿನ ದಿನಾನ ಬರ್ಬೇಕು ನೋಡ್ರಿ” ಎನ್ನಬೇಕು. ಅವರು “ಬರ್ತೇವಿ” ಎಂದರೆ ನಂಬಬಾರದು. “ಬರ್ತೇವಿ ಅಂದ್ರ ಆಗಂಗಿಲ್ಲ, ಬರ್ಬೇಕು” ಎಂದು ಇನ್ನೊಮ್ಮೆ ಹೇಳಬೇಕು. ಇಂಡಿ ತಾಲ್ಲೂಕಿನ ನನ್ನ ಹಳ್ಳಿಯಲ್ಲಿ, ನಾನು ಸಣ್ಣವನಿದ್ದಾಗ, ತಮಟೆಯಂಥ ಹಲಗೆ ಬಡಿದು ಡಂಗುರ ಸಾರುವ ಪದ್ಧತಿ ಇತ್ತು. ಗುಡಿಯಲ್ಲಿ ಪ್ರಸಾದ ಇದೆ, ಎಲ್ಲರೂ ಬರಬೇಕೆಂದು ಸಾರಿದರೆ ಊರೆಲ್ಲ ಹೋಗುತ್ತಿತ್ತು, ನಮ್ಮ ಅಜ್ಜಿ ಮಾತ್ರ ಕಟ್ಟೆಯ ಮೇಲಿಂದ ಏಳುತ್ತಿರಲಿಲ್ಲ. “ಅದು ಹಲಗಿ ಕರದದ್ದು, ನನ್ನ ಹೆಸರ ಹಿಡದು ಯಾರ ಕರದ್ರು?” ಎನ್ನುತ್ತಿದ್ದಳು. ಆಗ ನನಗೆ ಅಜ್ಜಿಯ ಸೊಕ್ಕು ಎನಿಸುತ್ತಿತ್ತು. ಮುಂದೆ ಎಂ.ಎ. ಓದುವಾಗ ಸಮೂಹ ಮಾಧ್ಯಮದಲ್ಲಿ ಕೇಳುವವನು ಮುಖವಿಲ್ಲದವನಾಗಿರುತ್ತಾನೆ ಎಂದು ಬರೆದು ಒಳ್ಳೆಯ ಅಂಕ ತೆಗೆದುಕೊಂಡೆ. ಅಜ್ಜಿ ನೆನಪಾಗಲಿಲ್ಲ.

ಗ್ರೂಪಿನಲ್ಲಿ ಆ ದಿನ ಹಿಮ್ಮಾಹಿತಿಯ ಸುರಿಮಳೆಯೇ ಆಯಿತು. ಹೆಬ್ಬೆರಳುಗಳು ಬಂದವು, ಮುಗಿದ ಕೈಗಳು ಬಂದವು, ಹೂವಿನ ಗೊಂಚಲು ಬಂತು. ಚಡಚಣದ ಕಡೆಯ ಒಬ್ಬರು ಅವಸರದಲ್ಲಿ ಹುಟ್ಟುಹಬ್ಬದ ಕೇಕನ್ನೂ ಕಳಿಸಿದರು. ನಾನು ಒಂದೊಂದನ್ನೂ ಮಹಾದೇವಿಗೆ ಓದಿ ಹೇಳಿದೆ. ಸಂಜೆ ನಾಲ್ಕರ ಸುಮಾರಿಗೆ, ಗುಲಾಬಿ ಹೂವಿನ ಶುಭಾಶಯಕ್ಕೂ ಮಂಡಿನೋವಿನ ಎಣ್ಣೆಯ ಸಲಹೆಗೂ ನಡುವೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಒಂದು ಸಾಲು ಕಾಣಿಸಿಕೊಂಡಿತು. ಶಂಕ್ರಣ್ಣ ಗ್ರೂಪು ಬಿಟ್ಟಿದ್ದಾರೆ ಎಂಬುದು ಅದರ ಸಾರ. ಶಂಕ್ರಣ್ಣ ಎಂದರೆ ಮಹಾದೇವಿಯ ಒಬ್ಬನೇ ಅಣ್ಣ, ಮುದ್ದೇಬಿಹಾಳದಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾರೆ. “ಬೆರಳು ತಾಗಿ ಹೊರಗ ಹೋಗಿರಬೇಕು, ಮತ್ತ ಹಾಕ್ತೇನಿ” ಎಂದು ನಾನು ಅವರನ್ನು ಪುನಃ ಗ್ರೂಪಿಗೆ ಸೇರಿಸಿದೆ. ಎರಡೇ ನಿಮಿಷದಲ್ಲಿ ಮತ್ತೆ ಬಿಟ್ಟರು. ಇನ್ನೊಮ್ಮೆ ಸೇರಿಸಲು ಹೊರಟಾಗ ಮಹಾದೇವಿ ಫೋನು ಕಸಿದುಕೊಂಡಳು.

“ಅಣ್ಣಗ ಸಿಟ್ಟು ಬಂದೈತ್ರಿ. ಅಷ್ಟೂ ತಿಳಿಯಂಗಿಲ್ಲೇನು ನಿಮಗ? ತಂಗಿ ಮನಿ ವಾಸ್ತುಶಾಂತಿಗೆ ಅಂವಗ ಮಂಡಿನೋವಿನ ಎಣ್ಣಿ ಜೋಡಿ ಕರದೀರಿ.”

ನಾನು ಸಂದೇಶ ಸ್ಪಷ್ಟವಾಗಿತ್ತು, ದಿನಾಂಕ ಇತ್ತು, ಸ್ಥಳ ಇತ್ತು, ನಕಾಶೆಯ ಕೊಂಡಿಯೂ ಇತ್ತು ಎಂದು ವಾದಿಸಿದೆ. ಅವಳು ವಾದಿಸಲಿಲ್ಲ. “ತವರಿನ ಆಯೇರಿ ಬರದ ನಾ ಹೊಸ ಮನ್ಯಾಗ ಹಾಲು ಉಕ್ಕಸಂಗಿಲ್ಲ. ಅಣ್ಣ ತಂದ ಸೀರಿ ಉಟ್ಟುಗೊಂಡ ಒಲಿ ಹಚ್ಚಾಕಿ. ನೀವ ಕೆಡಿಸೀರಿ, ನೀವ ಸರಿ ಮಾಡ್ರಿ” ಎಂದಳು. ಆಯೇರಿ ಎಂದರೆ ತವರಿನವರು ಹೆಣ್ಣುಮಗಳಿಗೆ ಮುಂದೆ ನಿಂತು ಉಡಿಸುವ ಸೀರೆ ಕುಪ್ಪಸ; ಅದರ ತೂಕ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಸೀರೆಯನ್ನು ಯಾವ ಅಂಗಡಿಯಲ್ಲಾದರೂ ತರಬಹುದು, ಅಣ್ಣನನ್ನು ತರುವ ಅಂಗಡಿ ಇಲ್ಲ. ಹೇಳಿ ಅವಳು ಮುಖ ಆಚೆ ತಿರುಗಿಸಿದ್ದನ್ನು ನಾನು ಗಮನಿಸಿದೆ, ಅಣ್ಣನ ಸಲುವಾಗಿ ಎಂದುಕೊಂಡೆ. ನನಗೂ ಅಳುಕು ಹುಟ್ಟಿತು. ಹನ್ನೊಂದು ವರ್ಷ ಕಾದು ಕಟ್ಟಿದ ಮನೆಯಲ್ಲಿ ಒಲೆ ಹತ್ತದಿದ್ದರೆ ಅದು ಮನೆಯಾಗುವುದಾದರೂ ಹೇಗೆ?

ಮರುದಿನ ಗೌಂಡಿ ಮೈಬೂಬ ಕಡೆಯ ಹೊಸ್ತಿಲು ಕೂಡಿಸುತ್ತಿದ್ದ. ಅಡಿಪಾಯದಿಂದ ಹಿಡಿದು ಆ ಮನೆ ಕಟ್ಟಿದವನೇ ಅವನು. “ಮೈಬೂಬ, ವಾಸ್ತುಶಾಂತಿಗೆ ಮುಂಜಾನೇನ ಬಂದುಬಿಡಪಾ” ಎಂದೆ. ಅವನು ಕರಣೆ ಕೆಳಗಿಟ್ಟು ಕೈ ಒರೆಸಿಕೊಂಡ. “ಅಕ್ಕಾರು ನಿನ್ನೆ ಮನಿಗೆ ಬಂದು ನಮ್ಮ ಮನ್ಯಾಕಿಗೆ ಹೇಳಿ ಹೋಗ್ಯಾರ್ರಿ ಸರ. ನೀವು ಹೇಳಿದ್ದು ಹೇಳಿದಂಗಲ್ಲ, ಕೆಲಸಕ್ಕ ಕರದಂಗ ಆಕ್ಕೈತಿ” ಎಂದ. ಅಂದರೆ ಮಹಾದೇವಿ ನನಗೆ ಹೇಳದೆಯೇ ತನ್ನ ಪಾಲಿನ ಕೆಲಸ ಶುರು ಮಾಡಿದ್ದಳು. ನನ್ನ ಪಾಲಿಗೆ ಉಳಿದದ್ದು ಮುದ್ದೇಬಿಹಾಳ.

ರಜೆ ಹಾಕಿ ಬಸ್ಸು ಹತ್ತಿ ಹೋದೆ. ದಾರಿಯುದ್ದಕ್ಕೂ ಒಂದು ಚೀಟಿಯಲ್ಲಿ ಏನು ಮಾತಾಡಬೇಕೆಂದು ಬರೆದುಕೊಂಡೆ: ಮೊದಲು ಕುಶಲ, ಆಮೇಲೆ ವಿಷಾದ, ಆಮೇಲೆ ವಿವರಣೆ, ಕಡೆಗೆ ಆಹ್ವಾನ. ನೇರವಾಗಿ ಅಂಗಡಿಗೇ ಹೋದೆ. ಇಬ್ಬರು ರೈತರು ಚೀಲದ ಮೇಲೆ ಕೂತಿದ್ದರು, ಶಂಕ್ರಣ್ಣ ಬಿಲ್ಲು ಬರೆಯುತ್ತಿದ್ದರು.

“ನಮಸ್ಕಾರ ಶಂಕ್ರಣ್ಣಾರ.”

ಅವರು ತಲೆ ಎತ್ತಲಿಲ್ಲ. “ಯೂರಿಯಾ ಇಲ್ರಿ. ಡಿಎಪಿ ಐತಿ.”

“ನಾನ್ರಿ, ಸಿಂದಗಿಯಿಂದ ಬಂದೇನಿ.”

“ಎಲ್ಲಿಂದ ಬಂದ್ರೂ ಅಷ್ಟರಿ. ಯೂರಿಯಾ ಇಲ್ಲ.”

ರೈತರು ನನ್ನನ್ನು ಕನಿಕರದಿಂದ ನೋಡಿದರು. ಪಾಪ, ಅಷ್ಟು ದೂರದಿಂದ ಗೊಬ್ಬರಕ್ಕೆ ಬಂದಿದ್ದಾನೆ ಎಂದು. ನಾನು ಚೀಟಿಯ ಮೂರು ಹಂತ ಬಿಟ್ಟು ನಾಲ್ಕನೆಯದಕ್ಕೆ ಹಾರಿ, ವಾಸ್ತುಶಾಂತಿಗೆ ಕರೆಯಲು ಬಂದಿದ್ದೇನೆ ಎಂದೆ. ಶಂಕ್ರಣ್ಣ ಆಗ ಪೆನ್ನು ಕಿಸೆಗೆ ಸಿಕ್ಕಿಸಿ, ಬಹಳ ಮರ್ಯಾದೆಯಿಂದ ಹೇಳಿದರು: “ಗ್ರೂಪಿಗೆ ಕರದೀರಲ್ರಿ ಮಾಸ್ತರ. ಗ್ರೂಪ್ ಬರ್ತೈತಿ ತಗೋರಿ. ಅದರಾಗ ನಾ ಇಲ್ಲ. ಮತ್ತ ಇನ್ನೊಂದು, ಅಂಗಡಿಗೆ ಬಂದ್ರಿ ಅಂದ್ರ ನೀವು ಗಿರಾಕಿ. ಕರಿಯೋ ಮಂದಿ ಮನಿಗೆ ಹೋಗ್ತಾರ.” ಇಷ್ಟು ಹೇಳಿ ಮತ್ತೆ ಬಿಲ್ಲು ಬರೆಯತೊಡಗಿದರು. ಪದವಿ ಕಾಲೇಜಿನ ಪ್ರಾಧ್ಯಾಪಕನನ್ನು ಅವರು ಮಾಸ್ತರ ಎನ್ನುವುದು ಪ್ರೀತಿಗೂ ಸಿಟ್ಟಿಗೂ ಒಂದೇ. ಯಾವಾಗ ಯಾವುದು ಎಂದು ಧ್ವನಿಯಿಂದ ತಿಳಿಯಬೇಕು. ಅವತ್ತು ತಿಳಿಯಲು ಕಷ್ಟವೇನೂ ಆಗಲಿಲ್ಲ.

ಮಧ್ಯಾಹ್ನ ಊಟದ ಹೊತ್ತು ನೋಡಿ ಮನೆಗೆ ಹೋದೆ. ಅರ್ಧ ತೆರೆದ ಬಾಗಿಲಲ್ಲಿ ಅವರ ಹೆಂಡತಿ, ನಾವು ವೈನಿ ಎನ್ನುತ್ತೇವೆ, ರೊಟ್ಟಿ ಹಿಟ್ಟಿನ ಕೈಯಲ್ಲೇ ನಿಂತರು. ಯಾವ ಸುದ್ದಿ ಒಳಗೆ ಹೋಗಬೇಕು, ಯಾವುದು ಹೊರಗೇ ಉಳಿಯಬೇಕು ಎಂದು ತೀರ್ಮಾನಿಸುವವರನ್ನು ನಮ್ಮ ಶಾಸ್ತ್ರದಲ್ಲಿ ದ್ವಾರಪಾಲಕರು ಎನ್ನುತ್ತೇವೆ. ಇಷ್ಟು ವರ್ಷ ಅದಕ್ಕೆ ನಾನು ಪತ್ರಿಕೆಯ ಸಂಪಾದಕರ ಉದಾಹರಣೆ ಕೊಡುತ್ತಿದ್ದೆ. ಇನ್ನು ಮುಂದೆ ಕೊಡುವುದಿಲ್ಲ. “ಮನ್ಯಾಗ ಇಲ್ರಿ” ಎಂದರು ವೈನಿ. ಶಂಕ್ರಣ್ಣನ ಚಪ್ಪಲಿ ನನ್ನ ಕಾಲ ಬಳಿಯೇ ಇದ್ದವು, ಒಳಗೆ ಯಾರೋ ಶಂಕ್ರಣ್ಣನಂತೆಯೇ ಕೆಮ್ಮಿದರು. “ಒಬ್ರ ಬಂದ್ರಿ? ಮಾದೇವಿ ಬರಲಿಲ್ಲ?” ಎಂದು ವೈನಿ ಕೇಳಿದರು. “ಅಕಿಗೆ ಆರಾಮಿಲ್ರಿ” ಎಂದು ಸುಳ್ಳು ಹೇಳಿದೆ. “ಈಗ ತಾಸಿನ ಹಿಂದ ನನ್ನ ಕೂಡ ಫೋನಿನ್ಯಾಗ ಮಾತಾಡ್ಯಾಳಲ್ರಿ. ಗಟ್ಟಿಮುಟ್ಟ ಅದಾಳ” ಎಂದು ನಕ್ಕು, ಒಳಗೆ ಹೋಗಿ ನೀರು ತಂದರು, ಜೊತೆಗೆ ನಾದಿನಿಗೆ ಕೊಡಿರೆಂದು ಒಂದು ಡಬ್ಬಿ ಶೇಂಗಾ ಹೋಳಿಗೆ. ನನ್ನ ಆಹ್ವಾನ ಒಳಗೆ ಹೋಗಲಿಲ್ಲ, ಅವರ ಹೋಳಿಗೆ ಹೊರಗೆ ಬಂತು. ಈ ಹೆಂಗಸರ ನಡುವೆ ನನಗೆ ಗೊತ್ತಿಲ್ಲದ ಒಂದು ಮಾಧ್ಯಮ ಸದಾ ಚಾಲೂ ಇರುತ್ತದೆ ಎಂಬುದು ಅಂದು ಖಾತ್ರಿಯಾಯಿತು.

ಖಾಲಿ ಕೈಯಲ್ಲಿ, ಅಂದರೆ ಹೋಳಿಗೆ ಡಬ್ಬಿಯೊಂದಿಗೆ, ಮನೆಗೆ ಬಂದೆ. ಮಹಾದೇವಿ ಎಲ್ಲ ಕೇಳಿ, “ದೊಡ್ಡವ್ವನ್ನ ಕರ್ಕೊಂಡು ಹೋಗ್ರಿ” ಎಂದಳು. ದೊಡ್ಡವ್ವ ಅವಳ ತಾಯಿಯ ಅಕ್ಕ, ಬಸವನ ಬಾಗೇವಾಡಿಯಲ್ಲಿದ್ದಾಳೆ. ಶಂಕ್ರಣ್ಣ ಲೋಕದಲ್ಲಿ ಕೇಳುವುದು ಅವಳೊಬ್ಬಳ ಮಾತು. ಇದಕ್ಕೂ ಶಾಸ್ತ್ರದಲ್ಲಿ ಜಾಗ ಉಂಟು: ಸಂದೇಶ ನೇರವಾಗಿ ಜನಕ್ಕೆ ಮುಟ್ಟುವುದಿಲ್ಲ, ಮೊದಲು ಅಭಿಪ್ರಾಯ ನಾಯಕರಿಗೆ, ಅವರಿಂದ ಉಳಿದವರಿಗೆ, ಎರಡು ಹಂತದ ಹರಿವು. ನಾನು ಇದನ್ನು ಮಹಾದೇವಿಗೆ ವಿವರಿಸಹೋದೆ. “ಹೌದಾ? ಹಂಗಾರ ಮೊದಲ ಯಾಕ ಅಂಗಡಿಗೆ ಹೋದ್ರಿ?” ಎಂದಳು.

ದೊಡ್ಡವ್ವ ಎಪ್ಪತ್ತು ದಾಟಿದ ಜೀವ. ಮೊಮ್ಮಕ್ಕಳು ಕೊಡಿಸಿದ ಫೋನನ್ನು ಧೂಳು ಹತ್ತೀತೆಂದು ಅರಿವೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಅದು ಒಳಗೇ ಬಡಿದುಕೊಂಡು ಸುಮ್ಮನಾಗುತ್ತದೆ. ನನ್ನ ಕಥೆಯನ್ನೆಲ್ಲ ಎಲೆ ಅಡಿಕೆ ಮೆಲ್ಲುತ್ತ ಕೇಳಿ, “ಅಳಿಯಂದ್ರ, ಅದೇನೋ ಕಾಲೇಜಿನ್ಯಾಗ ಮಾತಾಡೂದು ಹೆಂಗ ಅಂತ ಕಲಸ್ತೀರಂತಲ್ಲ?” ಎಂದಳು.

“ಸಂವಹನ, ದೊಡ್ಡವ್ವಾ.”

“ಅದಕ್ಕ ಪರೀಕ್ಷಾನೂ ಇರ್ತೈತೇನು?”

“ಇರ್ತೈತಿ.”

“ನೀವು ಪಾಸಾಗೀರಿ?”

ಆಗಿದ್ದೇನೆಂದು ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ. ಚೀಲ ಹಿಡಿದು ಹೊರಟೇಬಿಟ್ಟಳು. ಮುದ್ದೇಬಿಹಾಳದ ಬಸ್ಸಿನಲ್ಲಿ ಕೂತು ಐದು ನಿಮಿಷವಾಗಿರಲಿಲ್ಲ, ಪಕ್ಕದ ಸೀಟಿನವಳಿಗೆ ತನ್ನ ಮಗಳು ಸಿಂದಗಿಯಲ್ಲಿ ಮನೆ ಕಟ್ಟಿರುವುದನ್ನೂ, ಅಡುಗೆ ಮನೆಯ ಕಿಟಕಿ ಇಷ್ಟು ದೊಡ್ಡದಿರುವುದನ್ನೂ ಹೇಳಿದಳು. ಆಮೇಲೆ ಹಿಂದಿನ ಸೀಟಿಗೆ, ಆಮೇಲೆ ಎದ್ದು ನಿಂತು ಕಂಡಕ್ಟರಿಗೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ, ಮುಖ ನೋಡಿ, ಯಾವ ಊರು ಯಾರ ಮನೆ ಎಂದು ಕೇಳಿ, “ನೀನೂ ಬಾರವಾ, ಗಂಡನ್ನ ಕರ್ಕೊಂಡು ಬಾ” ಎಂದಳು. ಊರು ಬರುವ ಹೊತ್ತಿಗೆ ಬಸ್ಸಿನ ಅರ್ಧ ಮಂದಿಗೆ ನಮ್ಮ ಹೊಸ ಮನೆಯ ದಾರಿ ಗೊತ್ತಾಗಿತ್ತು. ನಾನು ಕಿಟಕಿಯ ಆಚೆ ನೋಡುತ್ತ ನನಗೂ ಅವಳಿಗೂ ಸಂಬಂಧವಿಲ್ಲದವನಂತೆ ಕೂತಿದ್ದೆ.

ಶಂಕ್ರಣ್ಣನ ಮನೆಯ ಬಾಗಿಲು ದೊಡ್ಡವ್ವನಿಗೆ ಅರ್ಧ ತೆರೆಯಲಿಲ್ಲ, ಪೂರ್ತಿಯೇ ತೆರೆಯಿತು. ಅವಳು ಪಡಸಾಲೆಯಲ್ಲಿ ಕೂತವಳೇ, “ಏ ಶಂಕ್ರ್ಯಾ, ತಂಗಿ ಮನಿ ಕಟ್ಟ್ಯಾಳ. ಎದ್ದು ಕೈ ಒಡ್ಡು, ಅಕ್ಷತಿ ತಗೋ” ಎಂದಳು. ಮೂರೇ ಮಾತು. ಶಂಕ್ರಣ್ಣ ಎದ್ದು ಕೈ ಒಡ್ಡಿದರು, ನಾನು ಅಕ್ಷತೆ ಇಟ್ಟೆ, ವೈನಿಗೆ ಕುಂಕುಮದ ಬಟ್ಟಲು ಹಿಡಿದೆ. ಈ ಬಾರಿ ಇನ್ನೂ ವಿಸ್ತಾರವಾಗಿ ಬರೆದುಕೊಂಡಿದ್ದ ಚೀಟಿ ಕಿಸೆಯಲ್ಲೇ ಉಳಿಯಿತು. “ಬರ್ತೇನ್ರಿ ಮಾಸ್ತರ” ಎಂದರು ಶಂಕ್ರಣ್ಣ, ಈ ಸಲ ಧ್ವನಿ ಮೆತ್ತಗಿತ್ತು. “ಆದ್ರ ನಿಮ್ಮ ಕೈ ಮುಗೀತೇನಿ, ಆ ಗ್ರೂಪಿಗೆ ಮಾತ್ರ ನನ್ನ ಮತ್ತ ಹಾಕಬ್ಯಾಡ್ರಿ.”

ಉಳಿದವರನ್ನು ಕರೆಯಲು ಮಹಾದೇವಿಯೂ ನನ್ನ ಜೊತೆ ಬೈಕು ಹತ್ತಿದಳು. ಎಂಟು ದಿನ ತಿರುಗಿದೆವು. ದೇವಣಗಾಂವ, ಇಂಡಿ, ಚಡಚಣ. ಕುಂಕುಮ ಅವಳು, ಅಕ್ಷತೆ ನಾನು, ಚಹಾ ಇಬ್ಬರೂ. ಗ್ರೂಪಿನಲ್ಲಿ ಹೆಬ್ಬೆರಳು ಎತ್ತಿದ್ದ ಒಬ್ಬರನ್ನು, “ಕಾರ್ಡು ನೋಡಿದ್ರಲ್ರಿ?” ಎಂದು ಕೇಳಿದೆ. “ನೋಡಿದ್ನಿ. ನಿಮ್ಮ ಮನ್ಯಾಗ ಏನೋ ಐತಿ ಅಂತ ತಿಳೀತು. ನಮ್ಮನ್ನೂ ಕರಿಯಾಕತ್ತೀರಿ ಅಂತ ಈಗ ಗೊತ್ತಾತು” ಎಂದರು. ಅಷ್ಟು ಮನೆ ತಿರುಗಾಡಿದ ಮೇಲೆ ನನಗೆ ಬೆನ್ನು ನೋವು ಬಂತು, ಗ್ರೂಪಿನಲ್ಲಿ ಬಂದಿದ್ದ ಎಣ್ಣೆಯ ಸಲಹೆ ಬೆನ್ನಿಗೂ ಆಗುತ್ತದೆಯೇ ಎಂದು ಹುಡುಕಿದೆ. ಆದರೂ ಸುಳ್ಳು ಹೇಳಬಾರದು, ಆ ಎಂಟು ದಿನ ನನಗೆ ಬಹಳ ಸೇರಿದವು. ಹೋದಲ್ಲೆಲ್ಲ ಮಹಾದೇವಿ “ನಮ್ಮ ಮನಿ” ಎಂದು ಹೇಳುವುದನ್ನು ಕೇಳುತ್ತ ಕೂಡುವುದು ನನಗೆ ಸಂತೋಷವಾಗಿತ್ತು.

ಸೋಮವಾರ ಬಂತು. ಬೆಳಗಿನ ಮೊದಲ ಬಸ್ಸಿಗೆ ಶಂಕ್ರಣ್ಣ, ವೈನಿ, ದೊಡ್ಡವ್ವ ಮೂವರೂ ಬಾಡಿಗೆ ಮನೆಗೆ ಬಂದಿಳಿದರು. ಮುನಿಸಿಕೊಂಡಿದ್ದ ಅಣ್ಣ, ಕಾದು ಕುಳಿತಿದ್ದ ತಂಗಿ. ಏನೇನು ಮಾತು ನಡೆಯುವುದೋ, ಯಾರು ಅಳುವರೋ ಎಂದು ನಾನು ಕರವಸ್ತ್ರ ಸಿದ್ಧ ಮಾಡಿಕೊಂಡು ಬಾಗಿಲಲ್ಲಿ ನಿಂತೆ.

“ಬಂದ್ಯಾ?” ಎಂದಳು ಮಹಾದೇವಿ.

“ಹ್ಞೂಂ” ಎಂದರು ಶಂಕ್ರಣ್ಣ.

“ಚಾ ಹಾಕ್ಲಿ?”

“ಹಾಕು.”

ಮುಗಿಯಿತು. ಅಣ್ಣ ಚೀಲದಿಂದ ಇಳಕಲ್ ಸೀರೆ ತೆಗೆದು ಕೈಗಿಟ್ಟರು, ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ನಾನು ಕರವಸ್ತ್ರ ಮಡಚಿ ಕಿಸೆಗೆ ಹಾಕಿಕೊಂಡೆ. ಅವಳು ಸೀರೆ ಉಟ್ಟು, ಪೂಜೆಯ ಜಗುಲಿಯ ದೇವರನ್ನೂ ಹಾಲಿನ ಪಾತ್ರೆಯನ್ನೂ ತೆಗೆದುಕೊಂಡು ಬರುವುದೆಂದು ಮಾತಾಗಿ, ನಾವೆಲ್ಲ ಮುಂದೆ ಹೋದೆವು.

ಹೊಸ ಮನೆಯ ಮುಂದೆ ಜನ ನೆರೆದಿತ್ತು. ನನಗೆ ಪರಿಚಯವೇ ಇಲ್ಲದ ಒಬ್ಬ ಗಂಡ ಹೆಂಡತಿ ಬಂದು, “ದೊಡ್ಡವ್ವ ಬಸ್ಸಿನ್ಯಾಗ ಕರದಿದ್ರು” ಎಂದು ಕೈಗೆ ತೆಂಗಿನಕಾಯಿ ಕೊಟ್ಟರು. ಮೈಬೂಬ ಹೆಂಡತಿ ಮಕ್ಕಳೊಂದಿಗೆ ಬಂದು, ತಾನು ಕೂಡಿಸಿದ ಹೊಸ್ತಿಲನ್ನು ಯಾರೂ ತುಳಿಯದಂತೆ ಕಾಯುತ್ತಿದ್ದ. ಅಯ್ಯನವರು ಗಡಿಯಾರ ನೋಡಿಕೊಂಡರು. “ಯಜಮಾನ್ತಿ ಎಲ್ಲಿ? ಅರ್ಧ ತಾಸಿನ್ಯಾಗ ಹಾಲು ಉಕ್ಕಬೇಕ್ರಿ” ಎಂದರು. ನಾನು ಫೋನು ತೆಗೆದು “ಎಲ್ಲಾ ತಯಾರಾಗಿದೆ, ಬಾ” ಎಂದು ಬರೆದು ಕಳಿಸಿದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಇನ್ನೊಮ್ಮೆ ಕಳಿಸಿದೆ. ಅದನ್ನೂ ಓದಿದಳು, ಏನೂ ಅನ್ನಲಿಲ್ಲ. ಶಂಕ್ರಣ್ಣನನ್ನು ಕಳಿಸಿದೆ. ಅವರು ಎರಡು ಓಣಿ ದಾಟಿ ಹೋಗಿ, ಹೊಟ್ಟೆ ಹಿಡಿದುಕೊಂಡು ನಗುತ್ತ ಮರಳಿದರು.

“ಮಾಸ್ತರ, ಸೀರಿ ಉಟ್ಟಾಳ, ಹಾಲು ತೊಡಿ ಮ್ಯಾಲ ಇಟ್ಟುಗೊಂಡು ಕುಂತಾಳ. ಅಕಿಗೆ ಯಾರೂ ಕರದಿಲ್ಲಂತ.”

“ಅಕಿ ಮನಿಗೆ ಅಕಿನ್ನ ಯಾರು ಕರೀಬೇಕ್ರಿ?” ಎಂದೆ.

“ಅದನ್ನ ನಿಮ್ಮ ಗ್ರೂಪಿಗೆ ಕೇಳ್ರಿ” ಎಂದು ಶಂಕ್ರಣ್ಣ ಮತ್ತೆ ನಗತೊಡಗಿದರು.

ಅಯ್ಯನವರ ಮುಂದಿನ ತಟ್ಟೆಯಿಂದಲೇ ಕುಂಕುಮದ ಬಟ್ಟಲು ಎತ್ತಿಕೊಂಡು, ಅಕ್ಷತೆ ಹಿಡಿದುಕೊಂಡು, ಧೋತರದ ಚುಂಗು ಕಾಲಿಗೆ ತೊಡರಿಸಿಕೊಳ್ಳುತ್ತ ಓಡಿದೆ. ಬಾಡಿಗೆ ಮನೆಯ ಸಾಮಾನೆಲ್ಲ ಗಂಟು ಕಟ್ಟಿಟ್ಟಿತ್ತು. ಬರಿದಾದ ಪಡಸಾಲೆಯ ನಡುವೆ, ಅಣ್ಣ ತಂದ ಸೀರೆಯಲ್ಲಿ, ಮಹಾದೇವಿ ನೆಲದ ಮೇಲೆ ಕೂತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ.

“ಹನ್ನೊಂದು ವರ್ಷ ಕಾದ್ನಿ” ಎಂದಳು. “ನನ್ನ ಮನಿ ನಾ ಯಾವಾಗ ಹೊಕ್ಕೋದು ಅನ್ನೂದು ನನಗ ಗ್ರೂಪಿನ್ಯಾಗ ಗೊತ್ತಾತು. ದಿನ ನೋಡಿಸಿಕೊಂಡು ಮನಿಗೆ ಬಂದು ಹೇಳ್ತಾರ ಅಂತ ಬಾಗಲದಾಗ ನಿಂತಿದ್ನಿ. ಫೋನು ಸಪ್ಪಳ ಆತು, ನೋಡಿದ್ನಿ. ಆಮ್ಯಾಲ ನಿಮ್ಮ ಜೋಡಿ ಊರೂರು ತಿರುಗಿ ಎಲ್ಲಾರ್ನೂ ಕರದ್ನಿ. ನನ್ನ ಒಮ್ಮೆರೆ ಯಾರಾರ ಕರದ್ರೇನು?”

ಮಠದ ಅಂಗಳದಲ್ಲಿ ನಿಂತು ಎಲ್ಲರಿಗೂ ಒಂದೇ ಏಟಿಗೆ ಹೇಳಿದೆನೆಂದು ಬೀಗಿದವನಿಗೆ, ಆ ಎಲ್ಲರಲ್ಲಿ ಇವಳೂ ಒಬ್ಬಳಾಗಿ ಹೋದದ್ದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಅವಳ ಎದುರು ನೆಲದ ಮೇಲೆ ಕೂತೆ, ಮೂಲೆಯಲ್ಲಿ ಉಳಿದಿದ್ದ ಕೊಡದಿಂದ ಬಗ್ಗಿಸಿ ಒಂದು ಗುಟುಕು ನೀರೂ ಕುಡಿದೆ, ಕ್ರಮ ತಪ್ಪಬಾರದಲ್ಲ. ಆಮೇಲೆ ಅವಳ ಹಣೆಗೆ ಕುಂಕುಮ ಹಚ್ಚಿ, ಅಂಗೈಯಲ್ಲಿ ಅಕ್ಷತೆ ಇಟ್ಟೆ.

“ಇವತ್ತ ನಮ್ಮ ಮನಿ ವಾಸ್ತುಶಾಂತಿ ಐತಿ” ಎಂದೆ. “ಬರ್ಬೇಕು.”

“ಯಾವಾಗ ಐತ್ರಿ?”

“ಈಗ.”

“ಇಷ್ಟ ತಡಾ ಮಾಡಿ ಹೇಳಿದ್ರ ಹೆಂಗ್ರಿ? ನೋಡ್ತೇನಿ. ಆದ್ರ ಬರ್ತೇನಿ.”

“ಆದ್ರ ಬರ್ತೇನಿ ಅಂದ್ರ ಆಗಂಗಿಲ್ಲ. ಬರ್ಬೇಕು” ಎಂದೆ. ಹೊಸ ಮನೆಯಲ್ಲಿ ಅಯ್ಯನವರು ಗಡಿಯಾರ ನೋಡುತ್ತಿರುವುದು ನೆನಪಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ದೇವರನ್ನು ತಾನು ಹಿಡಿದು, ಹಾಲಿನ ಪಾತ್ರೆಯನ್ನು ನನ್ನ ಕೈಗೆ ಕೊಟ್ಟಳು.

ಓಣಿಯಲ್ಲಿ ಅವಳು ಮುಂದೆ, ನಾನು ಹಾಲು ತುಳುಕದಂತೆ ಸಣ್ಣ ಹೆಜ್ಜೆಯಲ್ಲಿ ಹಿಂದೆ. ಮೂಲೆ ಮನೆಯ ಕಾಕಿ ಆಗಷ್ಟೇ ಬೀಗ ಹಾಕಿಕೊಂಡು ನಮ್ಮಲ್ಲಿಗೇ ಹೊರಟಿದ್ದರು. ನಮ್ಮನ್ನು ಕಂಡು ಗಾಬರಿಯಾದರು. “ಏನವಾ ಮಾದೇವಿ, ಮಂದಿಯೆಲ್ಲಾ ಬಂದು ಕುಂತಾರ, ನೀ ಇನ್ನೂ ಇಲ್ಲೇ ಅದೀಯಲ್ಲ!”

“ಏನ ಮಾಡ್ಲಿ ಕಾಕಿ” ಎಂದಳು ಮಹಾದೇವಿ, ನಡಿಗೆ ನಿಲ್ಲಿಸದೆ. “ಕರಿಯಾಕ ಈಗ ಬಂದಿದ್ರು.”

ಕಾಕಿ ಅವಳ ಹಣೆಯ ಮೇಲಿನ ಹಸಿ ಕುಂಕುಮ ನೋಡಿದರು, ಆಮೇಲೆ ಹಾಲಿನ ಪಾತ್ರೆ ಹಿಡಿದ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಏನನ್ನೂ ಕೇಳಲಿಲ್ಲ. ಆದರೂ ನಾನು “ಹೌದ್ರಿ, ತಪ್ಪಾತ್ರಿ” ಎಂದೆ.